ದೇವಾಲಯದ ಸಂಗೀತ ಚಿತ್ರಮಂದಿರದಲ್ಲಿ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸಂಗೀತ ಸಂಜೆಯಲ್ಲಿ ಮಾಡಿದ ಭಾಷಣ)



ದೇವಾಲಯದ ನೂರು ವರ್ಷಗಳನ್ನು ಕೊಂಡಾಡುವ ಸಭೆಯಲ್ಲಿ ಸಿನಿಮಾದ ಮಾತನ್ನೆತ್ತುವುದು ಉಚಿತವೇ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ತರುಣರನ್ನು ಕೇಳಿ ನೋಡಿರಿ: ಮೊಜಾರ್ಟನ 'ರೆಕ್ವಿಯಂ' ಎಂಬ ಮೃತರ ಪೂಜೆಯ ಸಂಗೀತವನ್ನು ಮೊದಲ ಬಾರಿಗೆ ಎಲ್ಲಿ ಕೇಳಿದಿರಿ ಎಂದರೆ ದೇವಾಲಯದಲ್ಲಿ ಎನ್ನುವವರು ವಿರಳ, ಚಲನಚಿತ್ರದಲ್ಲಿ ಎನ್ನುವವರೇ ಹೆಚ್ಚು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಪೀಠದ ಮುಂದೆ ಹುಟ್ಟಿದ ಸಂಗೀತ ಇಂದು ಬಹುಮಟ್ಟಿಗೆ ಬೆಳ್ಳಿತೆರೆಯ ಮುಖಾಂತರವೇ ನಮ್ಮನ್ನು ತಲುಪುತ್ತಿದೆ. ಹಾಗೆ ತಲುಪುವಾಗ ಅದು ಪ್ರಾರ್ಥನೆಯಾಗಿಯೇ ಉಳಿದಿರುತ್ತದೆಯೇ, ಅಥವಾ ಬರಿಯ ಅಲಂಕಾರವಾಗಿಬಿಡುತ್ತದೆಯೇ? ಈ ಒಂದು ಪ್ರಶ್ನೆಯನ್ನು ತಮ್ಮೊಡನೆ ವಿಚಾರಮಾಡಬೇಕೆಂಬುದು ನನ್ನ ಆಶಯ.

ವೂಲ್ಫ್‌ಗಾಂಗ್ ಅಮಡೇಯಸ್ ಮೊಜಾರ್ಟ್ 1756ರ ಜನವರಿ 27ರಂದು ಸಾಲ್ಜ್‌ಬರ್ಗಿನಲ್ಲಿ ಜನಿಸಿದನು. ಮರುದಿನವೇ ಅಲ್ಲಿಯ ಪ್ರಧಾನಾಲಯದಲ್ಲಿ ಆತನಿಗೆ ಜ್ಞಾನಸ್ನಾನವಾಯಿತು. ಯೌವನದ ಬಹುಭಾಗ ಅಲ್ಲಿಯ ಮಹಾಧರ್ಮಾಧ್ಯಕ್ಷರ ಸೇವೆಯಲ್ಲಿ ಕಳೆಯಿತು. ಆ ಸೇವೆ ಅವನಿಗೆ ಹಿಡಿಸಲಿಲ್ಲ. 1781ರಲ್ಲಿ ಜಗಳವಾಡಿ ಬಿಟ್ಟು ಹೊರಟುಹೋದನು. ಆದರೂ ದೇವಾಲಯದ ನಂಟನ್ನು ಮಾತ್ರ ಬಿಡಲಿಲ್ಲ. ಮರಣದ ವರ್ಷವಾದ 1791ರಲ್ಲಿ ವಿಯೆನ್ನಾದ ಸಂತ ಸ್ತೇಫನರ ಪ್ರಧಾನಾಲಯದಲ್ಲಿ ಸಹಾಯಕ ಸಂಗೀತ ನಿರ್ದೇಶಕನ ಹುದ್ದೆಯನ್ನು ಸಂಬಳವಿಲ್ಲದೆಯೇ ಒಪ್ಪಿಕೊಂಡಿದ್ದನು.

ದೇವಾಲಯಕ್ಕೂ ರಂಗಭೂಮಿಗೂ ನಡುವೆ ಸಂಗೀತದ ಹೋಗುಬರುವಿಕೆ ಸಿನಿಮಾದಿಂದ ಆರಂಭವಾದದ್ದಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. 1779ರಲ್ಲಿ ಮೊಜಾರ್ಟ್ ರಚಿಸಿದ, 'ಕಿರೀಟಧಾರಣೆಯ ಪೂಜೆ' ಎಂದು ಪ್ರಸಿದ್ಧವಾದ ಪೂಜಾಸಂಗೀತದಲ್ಲಿ 'ಆಞ್ಞುಸ್ ದೇಯಿ', ಅಂದರೆ ದೇವರ ಕುರಿಮರಿಯ ಪ್ರಾರ್ಥನೆಯನ್ನು ಒಂಟಿ ಸ್ತ್ರೀಕಂಠವೊಂದು ಹಾಡುತ್ತದೆ. ಏಳು ವರ್ಷಗಳ ತರುವಾಯ, 1786ರಲ್ಲಿ, 'ಫಿಗರೋನ ಮದುವೆ' ಎಂಬ ಗೀತನಾಟಕದ ಮೂರನೆಯ ಅಂಕದಲ್ಲಿ, ಪತಿಯಿಂದ ವಂಚಿತಳಾದ ಕೌಂಟೆಸ್ ಕಳೆದುಹೋದ ಸುಖದ ದಿನಗಳನ್ನು ನೆನೆದು ಹಾಡುವ ಹಾಡು ಹೆಚ್ಚುಕಡಿಮೆ ಅದೇ ರಾಗಧಾಟಿಯಲ್ಲಿ ಮೊದಲಾಗುತ್ತದೆ! ದೇವರ ಕುರಿಮರಿಯ ಮುಂದೆ ಬಾಗಿದ ಸ್ವರವೇ ನೊಂದ ಹೆಂಡತಿಯ ಬಾಯಿಗೆ ಬಂದಿತು. ಇಂಥ ಸಂಗೀತದ ಬಗ್ಗೆ ಧರ್ಮಸಭೆಗೆ ಆತಂಕವಿರಲಿಲ್ಲವೆಂದಲ್ಲ. ಹತ್ತನೆಯ ಭಕ್ತಿನಾಥ ಜಗದ್ಗುರುಗಳು 1903ರ ನವೆಂಬರ್ 22ರಂದು, ಗಾಯಕರ ಪಾಲಕಿ ಸಂತ ಸಿಸಿಲಿಯಾಳ ಹಬ್ಬದ ದಿನ ಹೊರಡಿಸಿದ ಆಜ್ಞಾಪತ್ರದಲ್ಲಿ ನಾಟಕಶೈಲಿಯ ಸಂಗೀತವು ದೇವಾಲಯಕ್ಕೆ ಒಗ್ಗದೆಂದು ಎಚ್ಚರಿಸಿದರು. ಆದರೆ 1985ರ ಜೂನ್ 29ರಂದು, ಸಂತ ಪೇತ್ರರ ಮಹಾದೇವಾಲಯದಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಅರ್ಪಿಸಿದ ಬಲಿಪೂಜೆಯಲ್ಲಿ, ಹರ್ಬರ್ಟ್ ಫಾನ್ ಕಾರಾಯಾನನ ನಿರ್ದೇಶನದಲ್ಲಿ ಹಾಡಲ್ಪಟ್ಟದ್ದು ಇದೇ 'ಕಿರೀಟಧಾರಣೆಯ ಪೂಜೆ'. ಕೌಂಟೆಸಳ ರಾಗ ಹೀಗೆ ತವರಿಗೆ ಮರಳಿತು.

ಆದುದರಿಂದ ರಾಗವು ಪವಿತ್ರವೋ ಲೌಕಿಕವೋ ಎಂಬ ವಾದದಿಂದ ನಮ್ಮ ಪ್ರಶ್ನೆ ಬಗೆಹರಿಯದು. ರಾಗವನ್ನು ಯಾರು, ಯಾವುದಕ್ಕಾಗಿ ಬಳಸುತ್ತಾರೆ ಎಂಬುದನ್ನೇ ನೋಡಬೇಕು. ಇದಕ್ಕೆ ನನಗೆ ದೊರೆತ ಉತ್ತಮ ನಿದರ್ಶನವೆಂದರೆ ಮೊಜಾರ್ಟನ ಒಂದೇ ಕೃತಿಯನ್ನು ಎರಡು ಚಲನಚಿತ್ರಗಳು ಬಳಸಿಕೊಂಡಿರುವ ಬಗೆ. ಆ ಕೃತಿ ಸಿ ಮೈನರ್ ಶ್ರುತಿಯ ಮಹಾಪೂಜೆಯ 'ಕೀರಿಯೆ'. ಪೂಜೆಯ ಆದಿಯಲ್ಲಿ ನಾವು ಕನ್ನಡದಲ್ಲಿ ಸಲ್ಲಿಸುವ ದಯಾಯಾಚನೆಯೇ ಅದು. ಲತೀನ್ ಪೂಜೆಯ ಒಳಗೆ ಉಳಿದುಕೊಂಡು ಬಂದ ಗ್ರೀಕ್ ನುಡಿ.

ಮೊಜಾರ್ಟ್ 1782ರ ಆಗಸ್ಟ್ 4ರಂದು ಕಾನ್‌ಸ್ಟಾನ್ಸಳನ್ನು ವರಿಸಿದನು. ಈ ಪೂಜಾಸಂಗೀತವು ಒಂದು ಹರಕೆಗೆ ಸಂಬಂಧಿಸಿದ್ದೆಂಬುದು 1783ರ ಜನವರಿಯಲ್ಲಿ ಆತ ತಂದೆಗೆ ಬರೆದ ಪತ್ರದಿಂದ ತಿಳಿಯುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಸಾಲ್ಜ್‌ಬರ್ಗಿನ ಸಂತ ಪೇತ್ರರ ಮಠದ ದೇವಾಲಯದಲ್ಲಿ ಅದನ್ನು ಹಾಡಿದಾಗ ಕಾನ್‌ಸ್ಟಾನ್ಸಳೂ ಹಾಡಿದಳು. ಕೃತಿ ಮಾತ್ರ ಪೂರ್ಣಗೊಳ್ಳಲೇ ಇಲ್ಲ. ವಿಶ್ವಾಸಸಂಗ್ರಹ ಅರ್ಧಕ್ಕೇ ನಿಂತಿದೆ, ದೇವರ ಕುರಿಮರಿಯ ಭಾಗ ಇಲ್ಲವೇ ಇಲ್ಲ. ಹರಕೆ ಹೊತ್ತು ಅರ್ಧ ತೀರಿಸಿದವರು ನಮ್ಮಲ್ಲಿಯೂ ಉಂಟಷ್ಟೆ. ಅದರ ಕೀರಿಯೆಯಲ್ಲಿ ಮೊದಲು ತಂತಿವಾದ್ಯಗಳು ಮಂದ್ರವಾಗಿ, ಭಾರವಾದ ಹೆಜ್ಜೆಯಿಡುತ್ತವೆ. ಅನಂತರ ಇಡೀ ಗಾಯನವೃಂದ ಮೊರೆಯಿಡುತ್ತದೆ. ನಡುವೆ ಕ್ರಿಸ್ತನನ್ನು ಕರೆಯುವೆಡೆಯಲ್ಲಿ ಕತ್ತಲೆ ಸರಿದಂತಾಗಿ ಒಂಟಿ ಸ್ತ್ರೀಕಂಠ ಮೇಲೇರುತ್ತದೆ. ಮತ್ತೆ ಆ ಮೊದಲಿನ ಮೊರೆ.

ಫ್ರಾನ್ಸಿನ ನಿರ್ದೇಶಕ ರೊಬೇರ್ ಬ್ರೆಸೋನ್ 1956ರಲ್ಲಿ 'ಮರಣದಂಡನೆಗೆ ಗುರಿಯಾದವನೊಬ್ಬ ತಪ್ಪಿಸಿಕೊಂಡನು' ಎಂಬ ಚಿತ್ರವನ್ನು ನಿರ್ಮಿಸಿದನು. ಆಂದ್ರೆ ದೆವಿಞ್ಞಿ ಎಂಬ ಫ್ರೆಂಚ್ ಅಧಿಕಾರಿ 1943ರ ಆಗಸ್ಟಿನಲ್ಲಿ ಲಿಯೋನ್ ನಗರದ ಮೋಂಲುಕ್ ಕೋಟೆಯ ಸೆರೆಮನೆಯಿಂದ, ಜರ್ಮನರ ಗುಂಡಿಗೆ ಬಲಿಯಾಗುವ ಮುನ್ನ ಪಾರಾದ ನಿಜವೃತ್ತಾಂತವೇ ಅದರ ಕಥೆ. ಚಿತ್ರಕ್ಕೆ ಎರಡನೆಯ ಹೆಸರೊಂದಿದೆ. ಯೊವಾನ್ನರ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ ಪ್ರಭು ನಿಕೊದೇಮನಿಗೆ ಗಾಳಿಯ ವಿಷಯವಾಗಿ ಹೇಳಿದ ಮಾತೇ ಆ ಹೆಸರು. ಚಿತ್ರದ ತುಂಬ ಚಮಚವನ್ನು ಉಜ್ಜುವ, ಬಾಗಿಲ ಹಲಗೆಯನ್ನು ಕೆರೆಯುವ, ಬಟ್ಟೆಯನ್ನು ಸೀಳಿ ಹಗ್ಗ ಹೊಸೆಯುವ ಸದ್ದುಗಳೇ. ಸಂಗೀತವೆಂಬುದು ಅತ್ಯಲ್ಪ. ಇರುವಷ್ಟೂ ಈ ಕೀರಿಯೆ!

ಅದು ಎಲ್ಲಿ ಕೇಳಿಬರುತ್ತದೆಂಬುದನ್ನು ಗಮನಿಸಬೇಕು. ಆರಂಭದಲ್ಲಿ ಸೆರೆಮನೆಯ ಗೋಡೆಯ ಮೇಲೆ ಕೇಳಿಸುತ್ತದೆ. ತರುವಾಯ ಕೈದಿಗಳು ಬೆಳಿಗ್ಗೆ ಸಾಲಾಗಿ ಅಂಗಳಕ್ಕಿಳಿದು ತಮ್ಮ ಮಲಮೂತ್ರದ ಬಕೆಟುಗಳನ್ನು ಬರಿದು ಮಾಡುವಾಗ ಕೇಳಿಸುತ್ತದೆ. ಸಾಮಾನ್ಯ ನಿರ್ದೇಶಕನಾಗಿದ್ದರೆ ಗೋಡೆ ಹಾರುವ ರೋಮಾಂಚಕ ಘಳಿಗೆಗೆ ಅದನ್ನು ಮೀಸಲಿಡುತ್ತಿದ್ದನು. ಬ್ರೆಸೋನ್ ಅದನ್ನು ಮಾನವನ ಅತ್ಯಂತ ಹೀನವಾದ, ನಿತ್ಯದ ಕೆಲಸದ ಮೇಲಿರಿಸಿದನು. ಕೊನೆಯಲ್ಲಿ ಇಬ್ಬರು ಬಿಡುಗಡೆ ಹೊಂದಿ ಕತ್ತಲೆಯಲ್ಲಿ ಮರೆಯಾಗುವಾಗ ಮತ್ತೆ ಅದೇ ಮೊರೆ. ಆ ಕೈದಿಗಳ ಕಿವಿಗೆ ಅದು ಬೀಳುವುದಿಲ್ಲ. ಅವರಿಗಾಗಿ, ಅವರರಿಯದಂತೆ, ಯಾರೋ ಪ್ರಾರ್ಥಿಸುತ್ತಿರುವರು. ಪುನೀತರ ಅನ್ಯೋನ್ಯತೆಯನ್ನು ವಿಶ್ವಾಸಸಂಗ್ರಹದಲ್ಲಿ ಪ್ರತಿ ಭಾನುವಾರ ಒಪ್ಪಿಕೊಳ್ಳುವ ನಮಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಸೆರೆಮನೆಯ ಮತ್ತೊಂದು ಚಿತ್ರ ತಮಗೆ ಇದಕ್ಕಿಂತ ಪರಿಚಿತವಾಗಿರಬಹುದು: 1994ರಲ್ಲಿ ಅಮೆರಿಕದಲ್ಲಿ ತೆರೆಕಂಡ 'ಶಾಶಾಂಕ್ ರಿಡೆಂಪ್ಶನ್'. ಅದರಲ್ಲಿ ಕೈದಿಯೊಬ್ಬನು ಕಚೇರಿಯ ಬಾಗಿಲನ್ನು ಒಳಗಿನಿಂದ ಭದ್ರಪಡಿಸಿಕೊಂಡು, 'ಫಿಗರೋನ ಮದುವೆ'ಯ ಯುಗಳಗೀತೆಯೊಂದನ್ನು ಧ್ವನಿವರ್ಧಕದಲ್ಲಿ ಇಡೀ ಸೆರೆಮನೆಗೆ ಕೇಳಿಸುತ್ತಾನೆ. ಅಂಗಳದಲ್ಲಿರುವವರೆಲ್ಲರೂ ತಲೆಯೆತ್ತಿ ನಿಲ್ಲುತ್ತಾರೆ. ಹಾಡುವ ಇಬ್ಬರಲ್ಲಿ ಒಬ್ಬಳು, ನಾನು ಆಗಲೇ ಹೆಸರಿಸಿದ ಅದೇ ಕೌಂಟೆಸ್. ಆಕೆ ತನ್ನ ದಾಸಿಗೆ ಹೇಳಿ ಬರೆಸುತ್ತಿರುವುದು ಗಂಡನನ್ನು ಬಲೆಗೆ ಕೆಡಹುವ ಪತ್ರ! ಕೈದಿಗಳಿಗೆ ಇಟಲಿಯ ಭಾಷೆ ಬಾರದು. ಅದನ್ನು ಅವರು ಸ್ವರ್ಗದಿಂದ ಬಂದ ಗಾನವೆಂಬಂತೆ ಕೇಳುತ್ತಾರೆ. ದೃಶ್ಯ ಸುಂದರವಾಗಿದೆ, ನನ್ನ ಕಣ್ಣುಗಳೂ ತೇವವಾದವು. ಆದರೂ ಅಲ್ಲಿ ಸಂಗೀತವು ಒಬ್ಬ ಧೀರನು ಕೊಟ್ಟ ಕಾಣಿಕೆ. ಬ್ರೆಸೋನನ ಚಿತ್ರದಲ್ಲಿ ಅದನ್ನು ಕೊಡುವವನು ಕಾಣುವುದಿಲ್ಲ.

ಇನ್ನು ಆ ಕೀರಿಯೆಯನ್ನು ಬಳಸಿಕೊಂಡ ಎರಡನೆಯ ಚಿತ್ರ: 1984ರ 'ಅಮಡೇಯಸ್'. ಪೀಟರ್ ಶಾಫರನ 1979ರ ನಾಟಕವನ್ನು ಆಧರಿಸಿ ಮಿಲೋಸ್ ಫೋರ್ಮನ್ ನಿರ್ದೇಶಿಸಿದ ಈ ಚಿತ್ರಕ್ಕೆ ಎಂಟು ಆಸ್ಕರ್ ಪ್ರಶಸ್ತಿಗಳು ಬಂದವು. ಲಕ್ಷಾಂತರ ಜನ ಮೊಜಾರ್ಟನ ಸಂಗೀತದ ಕಡೆಗೆ ತಿರುಗಲು ಅದು ಕಾರಣವಾಯಿತೆಂಬುದನ್ನು ಅಲ್ಲಗಳೆಯಲಾಗದು. ಅಲ್ಲಿ ಆಸ್ಥಾನ ಸಂಗೀತಗಾರ ಆಂಟೋನಿಯೋ ಸಲಿಯೇರಿ, ಕಾನ್‌ಸ್ಟಾನ್ಸ ತಂದ ಹಸ್ತಪ್ರತಿಗಳ ಹಾಳೆಗಳನ್ನು ತಿರುವುತ್ತಾನೆ. ಕಣ್ಣು ಓದಿದ್ದು ಕಿವಿಯಲ್ಲಿ ಮೊಳಗುತ್ತದೆ. ಕೀರಿಯೆಯ ಸ್ತ್ರೀಕಂಠ ಮೇಲೇರುತ್ತಿದ್ದಂತೆ ಹಾಳೆಗಳು ಕೈಜಾರಿ ನೆಲಕ್ಕೆ ಬೀಳುತ್ತವೆ. ಪ್ರಾರ್ಥನೆ ಇಲ್ಲಿ ಪ್ರತಿಭೆಯ ಸಾಕ್ಷ್ಯಪತ್ರವಾಗಿದೆ. ದಯೆಯನ್ನು ಬೇಡುವ ನುಡಿಯನ್ನು ಕೇಳಿ ಕೇಳುಗನು ಅಸೂಯೆಯಿಂದ ಬೇಯುತ್ತಾನೆ. ತರುವಾಯ ಶಿಲುಬೆಯನ್ನೇ ಬೆಂಕಿಗೆ ಹಾಕುತ್ತಾನೆ. ದೇವರೊಡನೆ ವ್ಯಾಪಾರ ಹೂಡಿ, ಲಾಭ ಬಾರದಿದ್ದಾಗ ಆತನನ್ನೇ ದ್ವೇಷಿಸುವ ಮನಸ್ಸಿನ ಚಿತ್ರಣ ಅದಾದರೆ, ಅದು ಸತ್ಯವೇ. ಅಂಥ ಮನಸ್ಸು ನಮಗೆ ಅಪರಿಚಿತವಲ್ಲ.

ನನ್ನ ತಕರಾರು ಬೇರೆ. ಆ ಮನಸ್ಸನ್ನು ಯಾರ ಹೆಸರಿಗೆ ಅಂಟಿಸಿದರು? ನಿಜವಾದ ಸಲಿಯೇರಿ 1750ರಲ್ಲಿ ಹುಟ್ಟಿ 1825ರಲ್ಲಿ ತೀರಿಕೊಂಡವನು. ವಿವಾಹಿತ, ಎಂಟು ಮಕ್ಕಳ ತಂದೆ. ಚಿತ್ರದಲ್ಲಿ ಕಾಣುವ ಬ್ರಹ್ಮಚಾರಿಯಲ್ಲ. ಬೇಥೋವನ್, ಶೂಬರ್ಟ್, ಲಿಸ್ಟ್ ಆತನ ಶಿಷ್ಯರು. ಅಷ್ಟೇ ಅಲ್ಲ, ಮೊಜಾರ್ಟನ ಕಿರಿಯ ಮಗನೂ ಆತನಲ್ಲಿ ಪಾಠ ಹೇಳಿಸಿಕೊಂಡನು. ವಿಷವಿಕ್ಕಿದವನ ಬಳಿಗೆ ತಾಯಿಯೊಬ್ಬಳು ಮಗನನ್ನು ಕಳುಹಿಸುವಳೇ? 1791ರ ಅಕ್ಟೋಬರ್ 14ರಂದು ಹೆಂಡತಿಗೆ ಬರೆದ ಪತ್ರದಲ್ಲಿ ಮೊಜಾರ್ಟ್, ತಾನು ಸಲಿಯೇರಿಯನ್ನು ತನ್ನ 'ಮಾಯಾಕೊಳಲು' ಗೀತನಾಟಕಕ್ಕೆ ಕರೆದೊಯ್ದುದನ್ನೂ ಆತ ಮೊದಲಿನಿಂದ ಕಡೆಯವರೆಗೆ ಅದನ್ನು ಮೆಚ್ಚಿ ಹೊಗಳಿದುದನ್ನೂ ಸಂತೋಷದಿಂದ ತಿಳಿಸಿದ್ದಾನೆ. ಸಲಿಯೇರಿ ವೃದ್ಧಾಪ್ಯದಲ್ಲಿ ಕಾಯಿಲೆ ಬಿದ್ದಿದ್ದಾಗ ವಿಷದ ಗಾಳಿಮಾತು ಹಬ್ಬಿತು. 1830ರಲ್ಲಿ ಪುಷ್ಕಿನ್ ಅದನ್ನು ನಾಟಕ ಮಾಡಿದನು. ಅದು ರಿಮ್‌ಸ್ಕಿ-ಕೊರ್ಸಕೋವನ ಗೀತನಾಟಕವಾಯಿತು. ಶಾಫರ್ ಮತ್ತು ಫೋರ್ಮನ್ ಬೇರೊಂದು ರೂಪ ಕೊಟ್ಟರು. ಸತ್ತವನು ಎದ್ದು ಬಂದು ಉತ್ತರಿಸಲಾರನು. ಸುಳ್ಳುಸಾಕ್ಷಿ ಹೇಳಬಾರದೆಂಬ ಕಟ್ಟಳೆ ಕಲೆಗಾರರಿಗೂ ಅನ್ವಯಿಸುತ್ತದೆಂದು ನಾನು ನಂಬಿದ್ದೇನೆ. ಸಲಿಯೇರಿ ತನ್ನ ಮರಣಕ್ಕಾಗಿಯೇ 1804ರಲ್ಲಿ ಒಂದು ರೆಕ್ವಿಯಂ ಬರೆದಿಟ್ಟಿದ್ದನು. 1825ರಲ್ಲಿ ಆತನ ಆತ್ಮಶಾಂತಿಯ ಪೂಜೆಯಲ್ಲಿ ಅದನ್ನು ಹಾಡಿದರು. ಅದನ್ನು ಕೇಳಿದವರು ಇಂದು ಎಷ್ಟು ಜನ?

ಮರಣಶಯ್ಯೆಯಲ್ಲಿ ಮೊಜಾರ್ಟ್ ರೆಕ್ವಿಯಮನ್ನು ಹೇಳುತ್ತ, ಸಲಿಯೇರಿ ಬರೆದುಕೊಳ್ಳುವ ಪ್ರಸಿದ್ಧ ದೃಶ್ಯವೂ ಕಲ್ಪಿತ. ಕೌಂಟ್ ವಾಲ್ಸೆಗ್ ಎಂಬ ಶ್ರೀಮಂತ ತನ್ನ ದಿವಂಗತ ಪತ್ನಿಯ ನೆನಪಿಗಾಗಿ ಅದನ್ನು ಗುಟ್ಟಾಗಿ ಬರೆಸುತ್ತಿದ್ದನು. ಡಿಸೆಂಬರ್ 5ರಂದು ಮೊಜಾರ್ಟ್ ತೀರಿಕೊಂಡಾಗ 'ಲಾಕ್ರಿಮೋಸಾ' ಎಂಬ ಕಣ್ಣೀರಿನ ಭಾಗ ಎಂಟು ಅಳತೆಗಳಿಗೇ ನಿಂತಿತ್ತು. ಉಳಿದುದನ್ನು ಸುಸ್ಮಾಯರ್ ಪೂರೈಸಿದನು. ಇಷ್ಟು ಹೇಳಿದ ಮೇಲೆ ಒಂದನ್ನು ಒಪ್ಪಲೇಬೇಕು: ಗಾಯನವೃಂದದವರಿಗೆ ಆ ದೃಶ್ಯದಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. ಪುರುಷಕಂಠಗಳು, ತುತ್ತೂರಿಗಳು, ತಂತಿವಾದ್ಯಗಳು ಒಂದೊಂದಾಗಿ ಕೇಳಿಸಿ, ಬಳಿಕ ಎಲ್ಲವೂ ಒಂದಾಗಿ ಮೊಳಗುತ್ತವೆ. ಬಹುಸ್ವರ ಸಂಗೀತ ಹೇಗೆ ಕಟ್ಟಲ್ಪಡುತ್ತದೆಂದು ಸಂಗೀತ ಬಾರದವನಿಗೂ ಅರಿವಾಗುತ್ತದೆ. ಚಿತ್ರದ ಕೊನೆಯ ಶವಸಂಸ್ಕಾರವನ್ನು ಮಾತ್ರ ನಂಬಬೇಡಿರಿ. ಮೊಜಾರ್ಟನಿಗೆ ಆ ಕಾಲದ ವಿಯೆನ್ನಾದ ಸಾಧಾರಣ ನಾಗರಿಕನಿಗೆ ಸಲ್ಲುತ್ತಿದ್ದ ಸಂಸ್ಕಾರವೇ ಸಂದಿತು; ಡಿಸೆಂಬರ್ 10ರಂದು ಸಂತ ಮಿಖಾಯೇಲರ ದೇವಾಲಯದಲ್ಲಿ ನಡೆದ ಸ್ಮರಣ ಪೂಜೆಯಲ್ಲಿ, ಆಗಿನ್ನೂ ಅಪೂರ್ಣವಾಗಿದ್ದ ಆ ರೆಕ್ವಿಯಮಿನ ಭಾಗವನ್ನೇ ಹಾಡಿದರು.

ಬಿಡಿ ಸ್ವರಗಳನ್ನು ಎತ್ತಿಕೊಂಡ ಚಿತ್ರಗಳ ಮಾತು ಎರಡೇ ವಾಕ್ಯಗಳಲ್ಲಿ ಮುಗಿಯಬಹುದು. 1785ರ ತಪಸ್ಸುಕಾಲದಲ್ಲಿ ವಿಯೆನ್ನಾದಲ್ಲಿ ನುಡಿಸಿದ ಪಿಯಾನೋ ಕೃತಿಯೊಂದು, 1967ರ ಸ್ವೀಡನ್ನಿನ ಚಿತ್ರವೊಂದರ ತರುವಾಯ, ಧ್ವನಿಮುದ್ರಿಕೆಗಳ ಮೇಲೆ ಆ ಚಿತ್ರದ ನಾಯಕಿ 'ಎಲ್ವಿರಾ ಮಾಡಿಗನ್' ಹೆಸರನ್ನೇ ಹೊತ್ತು ಮಾರಾಟವಾಯಿತು. ನಮ್ಮ ದೇಶದಲ್ಲಿ ಸಲಿಲ್ ಚೌಧುರಿಯವರು 1961ರ 'ಛಾಯಾ' ಚಿತ್ರದಲ್ಲಿ, ಮೊಜಾರ್ಟನ ನಲವತ್ತನೆಯ ಸಿಂಫನಿಯ ಮೊದಲ ಸ್ವರಗಳ ಮೇಲೆ ತಲತ್ ಮಹಮೂದ್ ಮತ್ತು ಲತಾ ಮಂಗೇಶ್ಕರ್ ಅವರ ಕಂಠಗಳಿಗೊಪ್ಪುವ ಯುಗಳಗೀತೆಯನ್ನು ಕಟ್ಟಿದರು. ರೇಡಿಯೋದಲ್ಲಿ ಅದನ್ನು ಕೇಳಿ ಗುನುಗಿದವರು, ತಾವು ಮೊಜಾರ್ಟನನ್ನು ಗುನುಗುತ್ತಿರುವುದನ್ನು ಅರಿತಿರಲಾರರು.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರಿನಲ್ಲಿ ನಮಗೆ ಮಾತೃಭಾಷೆಯ ಪೂಜೆಗೆ ಬಾಗಿಲು ತೆರೆಯಿತು. ಅದೇ ದಸ್ತಾವೇಜಿನಲ್ಲಿ ಪವಿತ್ರ ಸಂಗೀತದ ಭಂಡಾರವನ್ನು ಕಾಪಾಡಿರೆಂದೂ ವಿಧಿಸಿತು. ಮೊದಲಿನದನ್ನು ನಾವು ಸಂತೋಷದಿಂದ ಪಾಲಿಸಿದೆವು. ಎರಡನೆಯದನ್ನು ಸಿನಿಮಾದವರ ಪಾಲಿಗೆ ಬಿಟ್ಟುಕೊಟ್ಟಂತಿದೆ.

ಆದುದರಿಂದ ಇಂದಿನ ಸಂಜೆಗೆ ನಮ್ಮ ಗಾಯನವೃಂದದವರು ಆರಿಸಿಕೊಂಡಿರುವ ಹಾಡಿನ ವಿಷಯವಾಗಿ ಒಂದೆರಡು ಮಾತು ಹೇಳಿ ಕುಳಿತುಕೊಳ್ಳುವೆನು. ವಿಯೆನ್ನಾದ ಸಮೀಪದ ಬಾಡೆನ್ ಎಂಬ ಊರಿನ ಧರ್ಮಕೇಂದ್ರದಲ್ಲಿ ಆಂಟೋನ್ ಸ್ಟೋಲ್ ಎಂಬ ಶಾಲಾ ಉಪಾಧ್ಯಾಯನು ಗಾಯನವೃಂದವನ್ನು ನಡೆಸುತ್ತಿದ್ದನು. ಮೊಜಾರ್ಟನಿಂದ ಪೂಜಾಸಂಗೀತಗಳನ್ನು ಎರವಲು ಪಡೆದು ಹಾಡಿಸುತ್ತಿದ್ದನು. ಮೊಜಾರ್ಟನ ಪತ್ನಿ ಚಿಕಿತ್ಸೆಗೆಂದು ಆ ಊರಿಗೆ ಬಂದಾಗ ಬಿಡಾರದ ವ್ಯವಸ್ಥೆಯಲ್ಲಿ ನೆರವಾಗುತ್ತಿದ್ದನು. ಆ ಗೆಳೆಯನ ಗಾಯನವೃಂದಕ್ಕಾಗಿ, ಪರಮಪ್ರಸಾದದ ಮಹೋತ್ಸವಕ್ಕೆ ಕೆಲವೇ ದಿನಗಳಿರುವಾಗ, 1791ರ ಜೂನ್ 17ರಂದು ಮೊಜಾರ್ಟ್ ಬರೆದದ್ದು 'ಆವೇ ವೇರುಂ ಕೋರ್ಪುಸ್'. ಒಟ್ಟು ನಲವತ್ತಾರು ಅಳತೆಗಳು. ಏಕಕಂಠ ಗಾಯಕರಿಲ್ಲ, ಪ್ರದರ್ಶನವಿಲ್ಲ. ಎಲ್ಲರೂ ಮೆಲುದನಿಯಲ್ಲಿ ಒಟ್ಟಾಗಿ ಹಾಡಬೇಕು. 1992ರ 'ಲೊರೆಂಜೋಸ್ ಆಯಿಲ್' ಎಂಬ ಚಿತ್ರದಲ್ಲಿ, ಗುಣವಾಗದ ಕಾಯಿಲೆಯ ಬಾಲಕನೊಬ್ಬನ ಕಥೆಯೊಡನೆ, ಇದನ್ನು ಕೆಲವರು ಕೇಳಿರಬಹುದು. ಇಂದು ಅದನ್ನು ಹಾಡುವವರು ಮೂರು ತಿಂಗಳಿಂದ ಭಾನುವಾರದ ಎರಡನೆಯ ಪೂಜೆಯ ಬಳಿಕ ಅಭ್ಯಾಸ ಮಾಡಿದ ನಮ್ಮವರೇ ಹದಿನೆಂಟು ಮಂದಿ. ಮುಗಿದೊಡನೆ ದಯವಿಟ್ಟು ಚಪ್ಪಾಳೆ ತಟ್ಟಬಾರದೆಂದು ಅವರು ನನ್ನ ಮೂಲಕ ಕೇಳಿಕೊಂಡಿದ್ದಾರೆ.