ಬಾಯಿ ಬಿಗಿಸೋ ಅಡಿಕೆ, ಲ್ಯಾಬ್‌ನಲ್ಲೇ ಉಳಿದ ಇನ್ಹಿಬಿಟರ್

ಇವತ್ತು ಒಂದು ಸಣ್ಣ ಟೆಸ್ಟ್‌ನಿಂದ ಶುರು ಮಾಡೋಣ. ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರೋ ಹಾಗೆ ಮುಂದಿನ ಹಲ್ಲುಗಳ ಮಧ್ಯೆ ಇಟ್ಟು ನೋಡಿ. ಹೋಗುತ್ತಾ?

ಗುಟ್ಕಾ, ಪಾನ್ ಮಸಾಲ, ಬರೀ ಅಡಿಕೆ ಜಗಿಯೋ ಕೆಲವರಿಗೆ ಹೋಗಲ್ಲ. ಆ ಕಾಯಿಲೆ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಮೊದಲು ಖಾರ ತಿಂದ್ರೆ ಬಾಯಿ ಉರಿಯುತ್ತೆ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಟ್ಟಿಯಾಗುತ್ತೆ. ಕೊನೆಗೆ ಮುದ್ದೆ ನುಂಗೋಕೂ ಬಾಯಿ ತೆರೆಯಲ್ಲ. ಕೆಲವರಲ್ಲಿ ಇದೇ ಕ್ಯಾನ್ಸರ್‌ಗೆ ತಿರುಗುತ್ತೆ.

ಒಳಗೆ ಏನಾಗುತ್ತೆ ಅಂದ್ರೆ, ನಮ್ಮ ಜೀವಕೋಶಗಳ ಸುತ್ತ ಪ್ರೋಟೀನ್ ಎಳೆಗಳ ಒಂದು ಬಲೆ ಇದೆ. ಅದೇ ಎಕ್ಸ್‌ಟ್ರಾಸೆಲ್ಯುಲಾರ್ ಮ್ಯಾಟ್ರಿಕ್ಸ್. ಅದರ ಮುಖ್ಯ ಎಳೆ ಕೊಲ್ಯಾಜನ್. ಲೈಸಿಲ್ ಆಕ್ಸಿಡೇಸ್ ಅನ್ನೋ ಕಿಣ್ವ ಈ ಎಳೆಗಳನ್ನ ಒಂದಕ್ಕೊಂದು ಬೆಸೆಯುತ್ತೆ. ಅದಕ್ಕೆ ತಾಮ್ರ ಬೇಕು. ಅಡಿಕೆಯಲ್ಲಿ ತಾಮ್ರದ ಅಂಶ ಜಾಸ್ತಿ. ಹಾಗಾಗಿ ಬೆಸುಗೆ ಅತಿಯಾಗುತ್ತೆ.

ರಾಮನಗರದವರಿಗೆ ರೇಷ್ಮೆ ಗೂಡು ಗೊತ್ತೇ ಇದೆ. ಅದರ ಎಳೆಗಳನ್ನ ಹಿಡಿದಿಟ್ಟಿರೋದು ಸೆರಿಸಿನ್ ಅನ್ನೋ ಅಂಟು. ಬಿಸಿನೀರಲ್ಲಿ ಬೇಯಿಸಿದ್ರೆ ಸಡಿಲವಾಗಿ ನೂಲು ಬಿಚ್ಚಿಕೊಳ್ಳುತ್ತೆ. ಕೆನ್ನೆಯ ಕೊಲ್ಯಾಜನ್ ಹಾಗೆ ಬಿಚ್ಚಲ್ಲ.

ಹಾಗಾದ್ರೆ ಆ ಕಿಣ್ವವನ್ನೇ ತಡೆದ್ರೆ? ತಡೆಯೋ ರಾಸಾಯನಿಕ ಇದೆ, ಬಿಎಪಿಎನ್ ಅಂತ. ಸ್ವೀಟ್ ಪೀ ಹೂಬಳ್ಳಿಯ ಬೀಜ ತಿಂದ ಇಲಿಗಳ ಬೆನ್ನುಮೂಳೆ ಯಾಕೆ ಬಾಗುತ್ತೆ ಅಂತ ಹುಡುಕಿದವರಿಗೆ ಇದರ ಸುಳಿವು ಸಿಕ್ತು. ಇವತ್ತಿಗೂ ಸಂಶೋಧಕರು ಲ್ಯಾಬ್‌ನಲ್ಲಿ ಬಳಸ್ತಾರೆ. ಆದ್ರೆ ನಮ್ಮ ಮೂಳೆಗೂ ರಕ್ತನಾಳಕ್ಕೂ ಅದೇ ಬೆಸುಗೆ ಬೇಕು. ಅದನ್ನ ತಡೆದ ಇಲಿಗಳಲ್ಲಿ ಮಹಾಪಧಮನಿಯೇ ಊದಿಕೊಂಡು ಒಡೆದಿದೆ. ಅದಕ್ಕೇ ಇದು ಮಾತ್ರೆಯಾಗಿ ಬಂದಿಲ್ಲ. ಇನ್ನೊಂದು ಮಾತು: ಇದು ಹೊಸ ಬೆಸುಗೆ ತಡೆಯುತ್ತೆ ಅಷ್ಟೇ, ಹಳೇದನ್ನ ಬಿಚ್ಚಲ್ಲ.

"ನಾನು ತಂಬಾಕು ಹಾಕಲ್ಲ, ಬರೀ ಅಡಿಕೆ" ಅನ್ನೋರಿಗೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಅಡಿಕೆಯನ್ನ ಕ್ಯಾನ್ಸರ್‌ಕಾರಕ ಅಂತ ಹೇಳಿದೆ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಯ್ತು. ಅಡಿಕೆ ಅಲ್ಲೇ ಉಳೀತು.

ಮಾಗಡಿ, ಕನಕಪುರ, ಚನ್ನಪಟ್ಟಣ, ಎಲ್ಲೇ ಇರಿ, ಖಾರಕ್ಕೆ ಬಾಯಿ ಉರಿಯೋಕೆ ಶುರುವಾಗಿದ್ರೆ ಅಡಿಕೆ ನಿಲ್ಲಿಸಿ, ದಂತವೈದ್ಯರಿಗೆ ತೋರಿಸಿ. ಆ ಕಿಣ್ವಕ್ಕೆ ಸದ್ಯ ನಿಮ್ಮ ಕೈಲಿರೋ ಇನ್ಹಿಬಿಟರ್ ಅದೊಂದೇ. ಜಗಿಯೋ ಫ್ರೆಂಡ್ ಇದ್ರೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.