ಕೊನೆಗೆ ಬಂದವರ ನೀರು



ಮದ್ದೂರಿನ ತರುಣರು ಬಸ್ ನಿಲ್ದಾಣದ ಬಳಿ ಅರವಟ್ಟಿಗೆ ತೆರೆಯಬೇಕೆಂದು ನಿಶ್ಚಯಿಸಿ, ಎರಡು ಮಾತು ಹೇಳಿರೆಂದು ನಮ್ಮನ್ನು ಕರೆತಂದಿದ್ದಾರೆ. ಬೇಸಿಗೆಯ ಈ ಧರ್ಮ ಬಹಳ ಹಳೆಯದು. ಪಾಠಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಅಮರಕೋಶದಲ್ಲಿಯೇ ‘ಪ್ರಪಾ’ ಎಂಬ ಶಬ್ದವುಂಟು. ನೀರಿನ ಶಾಲೆಯೆಂದು ಅದರ ಅರ್ಥ.

ಆದರೆ ಇಂದು ನೆನಪಾಗುತ್ತಿರುವುದು ಬೆಂಗಳೂರಿನ ಒಂದು ಅರವಟ್ಟಿಗೆ. 2008ರ ಮೇ ತಿಂಗಳಲ್ಲಿ ಅಲ್ಲಿ ‘ವರ್ಲ್ಡ್ 10ಕೆ’ ಎಂಬ ಅಂತರರಾಷ್ಟ್ರೀಯ ಓಟ ಮೊದಲ ಸಲ ನಡೆಯಿತು. ದೂರ 10 ಕಿಲೋಮೀಟರು. ಆಫ್ರಿಕದ ಎರಿಟ್ರಿಯಾ ದೇಶದ ಜೆರ್ಸೆನೇ ಟಾಡೆಸೆ ಎಂಬಾತ 28 ನಿಮಿಷದೊಳಗೇ ಓಡಿ ಗೆದ್ದ. ಗೆಲ್ಲುವ ಹಂಬಲವಿಲ್ಲದ ಸಾವಿರಾರು ಮಂದಿ ಸಾಮಾನ್ಯರೂ ಓಡಿದರು, ನಡೆದರು. ನಮ್ಮ ಭಕ್ತರೊಬ್ಬರ ಮಗ, ಆಗ ಅಲ್ಲಿ ಓದುತ್ತಿದ್ದವನು, ಸ್ವಯಂಸೇವಕನಾಗಿ ನೀರು ಕೊಡಲು ನಿಂತಿದ್ದ.

ಇಂತಹ ಓಟದಲ್ಲಿ ಎರಡು ಮೂರು ಕಿಲೋಮೀಟರಿಗೊಂದು ನೀರಿನ ಮೇಜು. ಲೋಟವನ್ನು ಬಿಗಿಹಿಡಿಯಕೂಡದಂತೆ, ಅಂಗೈ ಮೇಲಿಟ್ಟು ಕೈ ಚಾಚಬೇಕಂತೆ. ಓಡುವವನು ನಿಲ್ಲದೆ ಎತ್ತಿಕೊಳ್ಳಬೇಕಲ್ಲ! ಕೊಟ್ಟೆನೆಂಬ ಭಾವ ಬೆರಳಿನಲ್ಲಿಯೂ ಇರಕೂಡದು. ಇಷ್ಟು ವರ್ಷ ಶಾಸ್ತ್ರ ಓದಿದ ನಮಗೆ ಯಾರೂ ಇಷ್ಟು ಸುಲಭವಾಗಿ ಹೇಳಿಕೊಟ್ಟಿರಲಿಲ್ಲ.

ಹುಡುಗನಿಗೆ ಗೆದ್ದವರನ್ನು ಕಣ್ಣಾರೆ ಕಾಣುವ ಆಸೆ. ತನ್ನ ಪಾಲಿನ ಮೇಜನ್ನು ಬಿಟ್ಟು ಓಡಿದ. ತಿರುಗಿ ಬಂದಾಗ ವಯಸ್ಸಾದ ತಾಯಿಯೊಬ್ಬಳು ತುಂಬಿದ ಕ್ಯಾನನ್ನು ಬಗ್ಗಿಸಲಾರದೆ ನಿಂತಿದ್ದಳು. ಇವನನ್ನು ನೋಡಿ, “ಇರಲಿ ಮಗು, ನಾನೇ ನಿಧಾನ” ಎಂದು ನಡೆದುಬಿಟ್ಟಳು.

ಮುಂದಿನ ವಾರ ಮಠಕ್ಕೆ ಬಂದು ತಲೆ ತಗ್ಗಿಸಿ ಕುಳಿತ. “ನೀರಿತ್ತು ಬುದ್ಧಿ, ನಾನಿರಲಿಲ್ಲ” ಎಂದ.

ಅವನಿಗೆ ಏನು ಹೇಳುವುದು? ನಾವು ವಟುವಾಗಿದ್ದಾಗ, ಜಾತ್ರೆಯಲ್ಲಿ ಪಾನಕ ಕೊಡಲು ನಮ್ಮ ಗುರುಗಳು ನಮ್ಮನ್ನು ನಿಲ್ಲಿಸಿದ್ದರು. ತಮಟೆಯ ಸದ್ದು ಕೇಳಿತು, ತೇರು ಕಂಡಿತು; ಸೌಟು ಎಸೆದು ಓಡಿದೆವು. ಬರುವಷ್ಟರಲ್ಲಿ ಕೊಳಗಕ್ಕೆ ನಾಯಿ ಬಾಯಿ ಹಾಕಿತ್ತು. ತಲೆಹೊರೆಯವನೊಬ್ಬ ಅದನ್ನು ನೋಡುತ್ತ ನಿಂತಿದ್ದ. ಗುರುಗಳು ಒಂದು ಮಾತೂ ಆಡಲಿಲ್ಲ. ಕೊಳಗ ತೊಳೆದು, ತಾವೇ ಬೆಲ್ಲ ಕದಡಿ, ಕತ್ತಲಾಗುವವರೆಗೆ ನಿಂತು ಕೊಟ್ಟರು. ಬೈದಿದ್ದರೆ ಮರೆತುಬಿಡುತ್ತಿದ್ದೆವೇನೋ.

ಇದನ್ನೇ ಆ ಹುಡುಗನಿಗೆ ಹೇಳಿದೆವು, ಬೇರೇನನ್ನೂ ಅಲ್ಲ. ಮರುವರ್ಷ ಮತ್ತೆ ಹೋದ. ಕಟ್ಟಕಡೆಯವರು ದಾಟುವ ತನಕ ಕದಲಲಿಲ್ಲವೆಂದು ಅವನ ತಂದೆ ಬಂದು ತಿಳಿಸಿದರು.

ತರುಣರೆ, ನಿಮ್ಮ ಅರವಟ್ಟಿಗೆ ತೆರೆಯುವ ದಿನ ಬೆಳಿಗ್ಗೆ ಹತ್ತು ಕೈಗಳಿರುತ್ತವೆ; ಫೋಟೋ ತೆಗೆಯುವವರೂ ಇರುತ್ತಾರೆ. ಅದರ ಚಿಂತೆ ನಮಗಿಲ್ಲ. ಮಧ್ಯಾಹ್ನ ಮೂರು ಗಂಟೆಯ ಚಿಂತೆ. ಇದು ಎಳನೀರಿನ ಊರು. ದೂರ ದೂರದ ಪಟ್ಟಣಗಳಿಗೆ ಇಲ್ಲಿಂದ ಎಳನೀರು ಹೋಗುತ್ತದೆ. ಆ ಲಾರಿಗಳಿಗೆ ಕಾಯಿ ತುಂಬಿದ ಹಮಾಲಿ ಬೆವರು ಒರೆಸಿಕೊಂಡು ಬರುವುದು ಆ ಹೊತ್ತಿಗೆ. ಮಡಕೆಯಲ್ಲಿ ನೀರಿರುತ್ತದೆ, ನಾವು ಬಲ್ಲೆವು. ಯಾರಿರುತ್ತೀರಿ?

ಪುಸ್ತಕ ತನ್ನಿ. ದಿನಕ್ಕೊಬ್ಬರಂತೆ ಹೆಸರು ಬರೆಯಿರಿ. ಮೊದಲ ದಿನದ ಮೂರು ಗಂಟೆಗೆ ನಮ್ಮ ಹೆಸರನ್ನು ಬರೆದುಕೊಳ್ಳಿ.