ಜಿಲ್ಲೆ ಬದಲಾದರೂ ಜಲಪಾತ ಅಲ್ಲೇ



ಅಂತರ್ಜಾಲಕ್ಕೆ ಚಿತ್ರವನ್ನೋ ಬರಹವನ್ನೋ ಏರಿಸುವವರು ಅದಕ್ಕೊಂದು ಹಣೆಪಟ್ಟಿ ಅಂಟಿಸುತ್ತಾರೆ. 2007ರಲ್ಲಿ ಟ್ವಿಟರ್‌ನಲ್ಲಿ ಹ್ಯಾಷ್‌ಟ್ಯಾಗ್ ಶುರುವಾದ ಮೇಲಂತೂ ವರ್ಗೀಕರಣ ಗ್ರಂಥಪಾಲಕರ ಮೇಜು ದಾಟಿ ಎಲ್ಲರ ಬೆರಳಿಗೂ ಬಂತು. ಬಲ್ಲವರ ದೂರು ಗೊತ್ತೇ ಇದೆ: ಜನ ಮನಬಂದಂತೆ ಹೆಸರಿಡುತ್ತಾರೆ, ಒಂದಕ್ಕೊಂದು ತಾಳೆಯಾಗುವುದಿಲ್ಲ, ಆದ್ದರಿಂದ ಅಧಿಕೃತ ಪಟ್ಟಿಯೊಂದನ್ನು ಮಾಡಿ ಉಳಿದದ್ದನ್ನು ಕಿತ್ತುಹಾಕಬೇಕು. ಕಿತ್ತುಹಾಕಬಾರದು ಎಂಬುದೇ ನನ್ನ ವಾದ. ಕಚೇರಿ ಕೊಟ್ಟ ತಲೆಬರಹಕ್ಕಿಂತ ಜನರಿಟ್ಟ ಹೆಸರೇ ಎಷ್ಟೋ ಸಲ ಹೆಚ್ಚು ಕಾಲ ಬಾಳಿದೆ.

ಶಿವನಸಮುದ್ರವನ್ನೇ ನೋಡಿ. ಕಾವೇರಿ ಅಲ್ಲಿ ಕವಲೊಡೆದು ಧುಮುಕುತ್ತಾಳೆ. ಗಗನಚುಕ್ಕಿ ಜಲಪಾತ ನೋಡಲು ಮಳವಳ್ಳಿ ಕಡೆಯಿಂದ ಹೋಗಬೇಕು, ಭರಚುಕ್ಕಿ ಇರುವುದು ಕೊಳ್ಳೇಗಾಲ ತಾಲ್ಲೂಕಿನಲ್ಲಿ. ಈ ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರು ಜಿಲ್ಲೆಗೆ ಬಂತು, 1997ರಲ್ಲಿ ಚಾಮರಾಜನಗರಕ್ಕೆ ಸೇರಿತು. ಈಚೆ ದಡದ ಮಳವಳ್ಳಿಯೂ 1939ರಲ್ಲಿ ಮಂಡ್ಯ ಜಿಲ್ಲೆಯಾಗುವ ತನಕ ಮೈಸೂರು ಜಿಲ್ಲೆಯದೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತಲ್ಲ, ಆ ಕಾಲದ ಕಡತಗಳನ್ನು 'ಮಂಡ್ಯ ಜಿಲ್ಲೆ' ಎಂಬ ಹೆಸರಿನಡಿ ಹುಡುಕಿದರೆ ಎಲ್ಲಿ ಸಿಕ್ಕಾವು? ಈಗ ಮಂಡ್ಯ ಜಿಲ್ಲೆಯಲ್ಲಿರುವ ಮದ್ದೂರು ಹೆಮ್ಮೆಪಡುವ 1938ರ ಶಿವಪುರ ಧ್ವಜ ಸತ್ಯಾಗ್ರಹವೂ ಅಂದಿನ ಆಡಳಿತದ ಲೆಕ್ಕದಲ್ಲಿ ಮೈಸೂರು ಜಿಲ್ಲೆಯ ಘಟನೆ. ಪ್ರವಾಸಕ್ಕೆ ಬಂದವರಿಗೆ ಇದೊಂದೂ ಬೇಕಿಲ್ಲ. 'ಶಿವನಸಮುದ್ರ' ಎಂದು ಒತ್ತಿಬಿಡುತ್ತಾರೆ, ಎರಡೂ ದಡದ ಚಿತ್ರಗಳು ಒಂದೇ ಕಡೆ ಬೀಳುತ್ತವೆ.

ಹಾಗೆಂದು ಜನರದ್ದೆಲ್ಲ ಸರಿ ಎನ್ನಲಾಗದು. ಮಂಡ್ಯದ ವಿಶ್ವೇಶ್ವರಯ್ಯ ನಾಲೆ ಹಳೆಯ ಕಡತದಲ್ಲಿ ಇರ್ವಿನ್ ನಾಲೆ, ರೈತರ ಬಾಯಲ್ಲಿ ವಿ.ಸಿ. ನಾಲೆ, ಗದ್ದೆ ಬದುವಿನ ಮೇಲೆ ಬರೀ ನಾಲೆ. ಬರೀ 'ನಾಲೆ' ಎಂಬ ಟ್ಯಾಗು ಹೊರಗಿನವರಿಗೆ ಏನೂ ಹೇಳುವುದಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದರೆ ಎಲ್ಲ ಒಂದಾದೀತು ಎನ್ನುವವರಿದ್ದಾರೆ. ಮದ್ದೂರಿನ ಕೊನೆಯ ಉಕಾರವನ್ನು ಅಲ್ಲಿ ಕೆಲವರು ಬರೆಯುತ್ತಾರೆ, ಕೆಲವರು ನುಂಗುತ್ತಾರೆ. ಇನ್ನು ಯೂನಿಕೋಡ್‌ಗೆ ಬಾರದೆ ಹಳೆಯ ಫಾಂಟಿನಲ್ಲೇ ಉಳಿದ ಕಡತ ಯಾವ ಹೆಸರಿಗೂ ಓಗೊಡದು. ಈ ಹೆಸರುಗಳನ್ನೆಲ್ಲ ಜೋಡಿಸುವ ದಾರಿ ಹೊಸದೇನಲ್ಲ. ಕಾರ್ಡು ಸೂಚಿಯ ಕಾಲದಲ್ಲಿ 'ಇರ್ವಿನ್ ನಾಲೆ' ಎಂಬ ಕಾರ್ಡಿನ ಮೇಲೆ 'ವಿಶ್ವೇಶ್ವರಯ್ಯ ನಾಲೆ ನೋಡಿ' ಎಂದು ಬರೆದಿಟ್ಟರೆ ಸಾಕಾಗುತ್ತಿತ್ತು. ವಿಕಿಪೀಡಿಯದ ಪುನರ್ನಿರ್ದೇಶನ ಮಾಡುವುದೂ ಇಷ್ಟನ್ನೇ: ಪುಟಕ್ಕೆ ತಲೆಬರಹ ಒಂದೇ, ಬೇರೆ ಹೆಸರಿನಿಂದ ಬಂದವರನ್ನೂ ಅಲ್ಲಿಗೇ ಮುಟ್ಟಿಸುತ್ತದೆ. ಇಷ್ಟೆಲ್ಲ ಹೆಸರನ್ನು ಯಾರು ಕಲೆಹಾಕುತ್ತಾರೆ ಎಂದರೆ, ಟ್ಯಾಗು ಹಾಕಿದವರು ಅರ್ಧ ಕೆಲಸವನ್ನು ಸಂಬಳವಿಲ್ಲದೆ ಆಗಲೇ ಮಾಡಿಟ್ಟಿದ್ದಾರೆ.

ಗ್ರಂಥಪಾಲಕ ಮಿತ್ರರೇ, ಮಧ್ಯಾಹ್ನದ ಗೋಷ್ಠಿಯಲ್ಲಿ ನೀವು ತಾಲ್ಲೂಕುವಾರು ಊರುಗಳ ಪಟ್ಟಿಗೆ ಕೈಹಾಕುವಾಗ ನನ್ನದೊಂದು ವಿನಂತಿ: ಪ್ರತಿ ಊರಿನ ಎದುರು ಇನ್ನೆರಡು ಕಾಲಂ ಬಿಡಿ. ಒಂದರಲ್ಲಿ ಜನ ಬಳಸುವ ಹೆಸರುಗಳೆಲ್ಲ ಬರಲಿ, ಇನ್ನೊಂದರಲ್ಲಿ ಆ ಊರು ಯಾವ ವರ್ಷದಿಂದ ಯಾವ ಜಿಲ್ಲೆಯಲ್ಲಿತ್ತು ಎಂಬುದು.